ಮನೆಗೆ ಬಂದ ವಿಶ್ವವಿದ್ಯಾಲಯಕ್ಕೆ ಮನೆಯಲ್ಲಿ ಹೊತ್ತೆಲ್ಲಿದೆ?

ಮನೆಯಲ್ಲಿದ್ದುಕೊಂಡೇ ಪದವಿ ಓದುವವರನ್ನು 2025ರ ಆಗಸ್ಟ್‌ನಲ್ಲಿ ಬಂದ ಒಂದು ಸುದ್ದಿ ಗೊಂದಲಕ್ಕೆ ಕೆಡವಿತು. ಮನೋವಿಜ್ಞಾನ, ಪೋಷಣಶಾಸ್ತ್ರ ಮೊದಲಾದ ವಿಷಯಗಳನ್ನು ಇನ್ನು ದೂರಶಿಕ್ಷಣದಲ್ಲಾಗಲಿ, ಆನ್‌ಲೈನ್‌ನಲ್ಲಾಗಲಿ ಕಲಿಸುವಂತಿಲ್ಲ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ವಿಶ್ವವಿದ್ಯಾಲಯಗಳಿಗೆ ತಿಳಿಸಿತು. ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದ್ದೂ ಇದೇ ಯುಜಿಸಿ. ಸಮ ಎಂದ ಮೇಲೆ ನಿಲ್ಲಿಸಿದ್ದೇಕೆ? ಈಗಾಗಲೇ ಸೇರಿದವರ ಗತಿಯೇನು? ಬೇರೆ ವಿಷಯ ಓದುತ್ತಿರುವವರೂ ಹೆದರಬೇಕೇ?

ಈ ಪ್ರಶ್ನೆಗಳಿಗೆ ಉತ್ತರವಿದೆ. ಆದರೆ ಅವುಗಳ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಬಹಳ ವರ್ಷಗಳಿಂದ ಹಾಗೇ ಕುಳಿತಿದೆ. ಮಕ್ಕಳು, ಹಿರಿಯರು, ಅಡುಗೆ, ಸಂಬಳದ ಕೆಲಸ ಇವೆಲ್ಲದರ ನಡುವೆ ಓದುವ ವಿದ್ಯಾರ್ಥಿಗೆ ಎಷ್ಟು ಹೊತ್ತು ಬೇಕು, ಆ ಹೊತ್ತು ಎಲ್ಲಿಂದ ಬರಬೇಕು ಎಂಬ ಲೆಕ್ಕವನ್ನು ನಿಯಮ ಮಾಡುವವರೂ ಹಾಕಿಲ್ಲ, ಮನೆಯವರೂ ಹಾಕಿಲ್ಲ.

ಸೂಚನೆ ಹೇಳುವುದೇನು?

ಆರೋಗ್ಯ ಸೇವೆಗೆ ಸಂಬಂಧಿಸಿದ ಹಲವು ವೃತ್ತಿಗಳನ್ನು ನಿಯಂತ್ರಿಸಲು 2021ರಲ್ಲಿ ಸಂಸತ್ತು ಒಂದು ಕಾಯ್ದೆ ತಂದಿತು. ಸಹವರ್ತಿ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗ ಹುಟ್ಟಿದ್ದು ಅದರಿಂದಲೇ. ಈ ಕಾಯ್ದೆಯ ವ್ಯಾಪ್ತಿಗೆ ಬರುವ ಯಾವ ವಿಷಯವನ್ನೂ ದೂರದಿಂದ ಕಲಿಸಬಾರದು ಎಂಬುದು ಈಗಿನ ತೀರ್ಮಾನ. ಮನೋವಿಜ್ಞಾನ, ಸೂಕ್ಷ್ಮಜೀವಶಾಸ್ತ್ರ, ಆಹಾರ ಮತ್ತು ಪೋಷಣ ವಿಜ್ಞಾನ, ಜೈವಿಕ ತಂತ್ರಜ್ಞಾನ, ಕ್ಲಿನಿಕಲ್ ನ್ಯೂಟ್ರಿಷನ್ ಮತ್ತು ಡಯೆಟಿಕ್ಸ್ ಈ ಪಟ್ಟಿಯಲ್ಲಿವೆ. 2025ರ ಏಪ್ರಿಲ್‌ನಲ್ಲಿ ಯುಜಿಸಿಯ ದೂರಶಿಕ್ಷಣ ವಿಭಾಗದ ಕಾರ್ಯತಂಡ ಶಿಫಾರಸು ಮಾಡಿತು, ಜುಲೈ 23ರಂದು ಯುಜಿಸಿಯ ಸಭೆ ಒಪ್ಪಿತು, ಜುಲೈ-ಆಗಸ್ಟ್ ಸಾಲಿನಿಂದಲೇ ಜಾರಿಯಾಯಿತು.

ಇಲ್ಲಿ ಎರಡು ವಿಷಯ ತಿಳಿದಿರಬೇಕು. ಮೊದಲನೆಯದು, ಸೂಚನೆ ಇರುವುದು ಹೊಸ ಪ್ರವೇಶಕ್ಕೆ. ಎರಡನೆಯದು, ಹಲವು ಐಚ್ಛಿಕಗಳಿರುವ ಬಿಎಯಂತಹ ಪದವಿಯಲ್ಲಿ ಮನೋವಿಜ್ಞಾನವನ್ನಷ್ಟೇ ತೆಗೆಯಬೇಕು. ಕನ್ನಡ, ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದುವವರಿಗೆ ಇದರಿಂದ ಯಾವ ಬಾಧೆಯೂ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ‘ದೂರಶಿಕ್ಷಣವೇ ಬಂದ್’ ಎಂಬ ಸಂದೇಶ ಸುಳ್ಳು.

ಸಮ ಎಂದದ್ದೂ ನಿಜ, ನಿಲ್ಲಿಸಿದ್ದೂ ನಿಜ

2022ರ ಮಾತಿಗೂ 2025ರ ತೀರ್ಮಾನಕ್ಕೂ ವಿರೋಧ ಕಂಡರೂ ಎರಡೂ ಬೇರೆ ಬೇರೆ ಸಂಗತಿಗಳು. ಅನುಮತಿ ಪಡೆದು ನಡೆಸಿದ ಕೋರ್ಸ್‌ನಿಂದ ಸಿಕ್ಕ ಪದವಿಯನ್ನು ಉದ್ಯೋಗದಾತರಾಗಲಿ, ಉನ್ನತ ವ್ಯಾಸಂಗದ ಸಂಸ್ಥೆಗಳಾಗಲಿ ಕೀಳಾಗಿ ಕಾಣಬಾರದು ಎಂಬುದು ಮೊದಲನೆಯದು. ಯಾವ ಕೋರ್ಸ್‌ಗೆ ಅನುಮತಿ ಕೊಡಬೇಕು ಎಂಬುದು ಎರಡನೆಯದು. ವೈದ್ಯಕೀಯ, ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ವಾಸ್ತುಶಿಲ್ಪ, ಕಾನೂನು ಇವುಗಳಿಗೆ 2020ರ ನಿಯಮಾವಳಿಯಲ್ಲೇ ದೂರಶಿಕ್ಷಣ ನಿಷಿದ್ಧವಾಗಿದೆ. ರೋಗಿಯನ್ನು ಮುಟ್ಟದೆ ನರ್ಸ್ ಆಗಲು ಬಾರದು ಎಂಬ ಸರಳ ತರ್ಕ ಅದರ ಹಿಂದಿದೆ. ಅದೇ ತರ್ಕವನ್ನು ಈಗ ಮನಸ್ಸಿಗೂ ಪಥ್ಯಕ್ಕೂ ಹಿಗ್ಗಿಸಲಾಗಿದೆ.

ಅಂಚೆಯ ಪಾಠದಿಂದ ಆ್ಯಪ್‌ನ ಪಾಠದವರೆಗೆ

ಕರ್ನಾಟಕಕ್ಕೆ ದೂರಶಿಕ್ಷಣ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ‘ಅಂಚೆ ಮತ್ತು ತೆರಪಿನ ಶಿಕ್ಷಣ’ ಆರಂಭಿಸಿತು. ತೆರಪು ಎಂದರೆ ಬಿಡುವು. ಬಿಡುವಿದ್ದಾಗ ಓದುವ ಶಿಕ್ಷಣ ಎಂಬ ಈ ಹೆಸರಿನಲ್ಲೇ ಒಂದು ನಂಬಿಕೆ ಅಡಗಿದೆ. ಕಲಿಯುವವರಿಗೆ ಎಲ್ಲೋ ಒಂದಿಷ್ಟು ಬಿಡುವು ಇದ್ದೇ ಇರುತ್ತದೆ, ಪಾಠವನ್ನು ಮನೆಗೆ ಕಳುಹಿಸಿದರೆ ಸಾಕು ಎಂಬ ನಂಬಿಕೆ. ಆ ಸಂಸ್ಥೆಯ ಬುಡದ ಮೇಲೆ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ನಿಂತಿತು. ದೇಶದ ಮಟ್ಟದಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೊ) 1985ರಲ್ಲಿ ಸ್ಥಾಪನೆಯಾಗಿತ್ತು.

ಮಾನ್ಯತೆಯ ಸುದ್ದಿ ಬಂದಾಗಲೆಲ್ಲ ಕನ್ನಡಿಗರು ಬೆಚ್ಚಿಬೀಳುವುದಕ್ಕೂ ಕಾರಣವಿದೆ. 2012-13ರ ನಂತರ ಮೈಸೂರಿನ ಮುಕ್ತ ವಿವಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ರಾಜ್ಯದ ಗಡಿಯಾಚೆ ಅಧ್ಯಯನ ಕೇಂದ್ರ ತೆರೆದದ್ದು, ಖಾಸಗಿ ಸಂಸ್ಥೆಗಳೊಡನೆ ಸೇರಿ ತಾಂತ್ರಿಕ ಕೋರ್ಸ್ ನಡೆಸಿದ್ದು ಆ ಬಿಕ್ಕಟ್ಟಿನ ಮೂಲ. 2018-19ರ ಸಾಲಿನಿಂದ ಮಾನ್ಯತೆ ಮರಳಿತು. ನಡುವಿನ ವರ್ಷಗಳಲ್ಲಿ ಅಂಕಪಟ್ಟಿ ಕೈಯಲ್ಲಿ ಹಿಡಿದು ಬಡ್ತಿಗಾಗಿ, ನೇಮಕಾತಿಗಾಗಿ ಅಲೆದವರ ಸಂಕಟವನ್ನು ಮೈಸೂರು, ಮಂಡ್ಯ, ಹಾಸನದ ಎಷ್ಟೋ ಮನೆಗಳು ಮರೆತಿಲ್ಲ. ಆದ್ದರಿಂದ ಇಂದು ಪ್ರವೇಶ ಪಡೆಯುವವರು ಸಂಸ್ಥೆಯ ಹೆಸರಷ್ಟೇ ನೋಡಿದರೆ ಸಾಲದು. ಆ ಕೋರ್ಸ್‌ಗೆ, ಆ ಸಾಲಿಗೆ ಅನುಮತಿ ಇದೆಯೇ ಎಂದು ಯುಜಿಸಿಯ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಬೇಕು. ಪ್ರವೇಶಕ್ಕೆ ಈಗ ಕಡ್ಡಾಯವಾಗಿರುವ ಡೆಬ್ ಐಡಿಯ, ಅಂದರೆ ಯುಜಿಸಿಯ ದೂರಶಿಕ್ಷಣ ವಿಭಾಗದಲ್ಲಿ ವಿದ್ಯಾರ್ಥಿ ಪಡೆಯಬೇಕಾದ ಗುರುತಿನ ಸಂಖ್ಯೆಯ, ಉದ್ದೇಶವೂ ಇದೇ.

2020-21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ದೂರಶಿಕ್ಷಣ ಪಡೆಯುತ್ತಿದ್ದವರು 45.71 ಲಕ್ಷ. ಅವರಲ್ಲಿ ಮಹಿಳೆಯರು 20.9 ಲಕ್ಷ. ಇಷ್ಟು ದೊಡ್ಡ ಸಂಖ್ಯೆಯ ಜನರ ತರಗತಿ ಕೋಣೆ ಎಂದರೆ ಅಡುಗೆಮನೆಯ ಕಟ್ಟೆ, ಹಜಾರದ ಮೂಲೆ, ಮಕ್ಕಳು ಮಲಗಿದ ಮಂಚದ ಅಂಚು.

ವಾರಕ್ಕೆ 23 ಗಂಟೆ

ಈಗ ಹೊತ್ತಿನ ಲೆಕ್ಕಕ್ಕೆ ಬರೋಣ. ಇಗ್ನೊ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಕಲಿಕೆ. ಓದುವುದು, ವಿಡಿಯೊ ನೋಡುವುದು, ಸಂಪರ್ಕ ತರಗತಿಗೆ ಹೋಗುವುದು, ಅಸೈನ್‌ಮೆಂಟ್ ಬರೆಯುವುದು ಎಲ್ಲವೂ ಇದರೊಳಗೆ ಸೇರಿದೆ. ಎರಡು ವರ್ಷದ, 80 ಕ್ರೆಡಿಟ್‌ಗಳ ಒಂದು ಸ್ನಾತಕೋತ್ತರ ಪದವಿಗೆ ಹಾಗಾದರೆ 2,400 ಗಂಟೆ ಬೇಕು. ವರ್ಷಕ್ಕೆ 1,200. ವಾರಕ್ಕೆ ಸುಮಾರು 23. ಹಬ್ಬ, ಜ್ವರ, ಮದುವೆ, ಸಾವು ಯಾವುದಕ್ಕೂ ರಜೆ ಇಲ್ಲದೆ ದಿನಕ್ಕೆ ಮೂರು ಗಂಟೆಗೂ ಮೇಲೆ. ಪ್ರವೇಶದ ಕೈಪಿಡಿಯಲ್ಲಿ ಶುಲ್ಕ ಇರುತ್ತದೆ, ಅರ್ಹತೆ ಇರುತ್ತದೆ. ವಾರಕ್ಕೆ 23 ಗಂಟೆ ಎಂಬ ಲೆಕ್ಕವನ್ನು ಹೀಗೆ ಎದುರಿಗಿಟ್ಟರೆ ಎಷ್ಟೋ ಮನೆಗಳಲ್ಲಿ ಶುಲ್ಕ ಕಟ್ಟುವ ಮೊದಲೇ ಒಂದು ಮಾತುಕತೆ ನಡೆದೀತು.

ಈ ಮೂರು ಗಂಟೆಯ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಬೇಕು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಮಹಿಳೆಯರು ದಿನಕ್ಕೆ ಸುಮಾರು 289 ನಿಮಿಷ ಅದರಲ್ಲಿ ಕಳೆಯುತ್ತಾರೆ ಎಂದು ತಿಳಿದುಬಂತು. ಮನೆಗೆಲಸ ಮಾಡುವ ಗಂಡಸರು ಕಳೆಯುವುದು 88 ನಿಮಿಷ. ಮಕ್ಕಳು, ವೃದ್ಧರು, ಕಾಯಿಲೆಯವರನ್ನು ನೋಡಿಕೊಳ್ಳುವ ಕೆಲಸ ಬೇರೆ. 15ರಿಂದ 59 ವಯಸ್ಸಿನವರಲ್ಲಿ ಆ ಕೆಲಸಕ್ಕೆ ಮಹಿಳೆಯರು 140 ನಿಮಿಷ, ಗಂಡಸರು 74 ನಿಮಿಷ ಕೊಡುತ್ತಾರೆ. ಸರಾಸರಿಗಳನ್ನು ನೇರವಾಗಿ ಕೂಡಿಸುವುದು ಪೂರ್ತಿ ಸರಿಯಲ್ಲ. ಆದರೂ ಎರಡೂ ಹೊರೆ ಹೊತ್ತ ಮಹಿಳೆಯ ದಿನದಲ್ಲಿ ಏಳು ಗಂಟೆ ಮನೆಗೇ ಹೋಗುತ್ತದೆ ಎಂದು ಹೇಳಲು ತೊಂದರೆಯಿಲ್ಲ. ಅವಳು ಗಾರ್ಮೆಂಟ್ಸ್‌ಗೋ ಅಂಗನವಾಡಿಗೋ ಶಾಲೆಗೋ ದುಡಿಯಲು ಹೋಗುವವಳಾದರೆ ಇನ್ನೂ ಏಳೆಂಟು ಗಂಟೆ ಸೇರುತ್ತದೆ. ಉಳಿದ ಹೊತ್ತಿನಲ್ಲಿ ನಿದ್ದೆಯೂ ಇದೆ, ಸ್ನಾತಕೋತ್ತರ ಪದವಿಯೂ ಇದೆ. ಆದ್ದರಿಂದ ಓದಿನ ಹೊತ್ತು ಬರುವುದು ನಿದ್ದೆಯಿಂದ.

ಓದುವ ಗಂಡಸರಿಗೂ ಒತ್ತಡ ಕಡಿಮೆಯಲ್ಲ. ರಾತ್ರಿ ಪಾಳಿಯ ಪೊಲೀಸ್ ಪೇದೆ, ಬಸ್ ಚಾಲಕ, ಕಾರ್ಖಾನೆಯ ಸಹಾಯಕ ಇಂಥವರು ಬಡ್ತಿಗಾಗಿ ಪದವಿಗೆ ಸೇರುತ್ತಾರೆ. ಆದರೆ ಅವರು ಪುಸ್ತಕ ಹಿಡಿದು ಕುಳಿತಾಗ ‘ಅಪ್ಪ ಓದುತ್ತಿದ್ದಾರೆ, ಗಲಾಟೆ ಮಾಡಬೇಡಿ’ ಎನ್ನುವ ದನಿಯೊಂದು ಸಾಮಾನ್ಯವಾಗಿ ಮನೆಯಲ್ಲಿ ಇರುತ್ತದೆ. ಅಮ್ಮ ಓದಲು ಕುಳಿತಾಗ ಆ ಮಾತು ಹೇಳಬೇಕಾದವಳು ಓದುತ್ತಿರುವ ಅವಳೇ.

ತುಂಡು ಹೊತ್ತಿಗೆ ಒಗ್ಗುವ ಓದು

ಈ ಚರ್ಚೆಯಲ್ಲಿ ಬಹಳ ಕಡಿಮೆ ಗಮನ ಪಡೆದ ಸಂಗತಿ ಪಾಠದ ಆಕಾರ. ಮುಕ್ತ ವಿಶ್ವವಿದ್ಯಾಲಯದ ಅಚ್ಚಿನ ಸಿದ್ಧಪಾಠವನ್ನು ಒಮ್ಮೆ ಬಿಡಿಸಿ ನೋಡಿ. ಕೋರ್ಸ್ ಬ್ಲಾಕ್‌ಗಳಾಗಿ ಒಡೆದಿದೆ, ಬ್ಲಾಕ್ ಘಟಕಗಳಾಗಿ, ಘಟಕ ಸಣ್ಣ ಸಣ್ಣ ಉಪವಿಭಾಗಗಳಾಗಿ. ನಾಲ್ಕಾರು ಪುಟಕ್ಕೊಮ್ಮೆ ನಿಮ್ಮ ಪ್ರಗತಿಯನ್ನು ನೀವೇ ಪರೀಕ್ಷಿಸಿಕೊಳ್ಳಿ ಎಂಬ ಪ್ರಶ್ನೆಗಳು, ಉತ್ತರ ಬರೆಯಲು ಖಾಲಿ ಗೆರೆಗಳು. ಇದು ಅಡ್ಡಿಯ ನಡುವೆ ಓದುವವರಿಗಾಗಿಯೇ ಹೊಲಿದ ಬಟ್ಟೆ. ಕುಕ್ಕರ್ ಮೂರನೆಯ ಸೀಟಿ ಹಾಕುವವರೆಗೆ ಎರಡು ಪುಟ ಓದಿ, ಪುಟದ ಮೂಲೆ ಮಡಚಿಟ್ಟು ಎದ್ದು ಹೋಗಬಹುದು. ಮಗುವಿಗೆ ಊಟ ಮಾಡಿಸಿ ಬಂದರೆ ಮಡಚಿದ ಪುಟ ಅಲ್ಲೇ ಕಾಯುತ್ತಿರುತ್ತದೆ. ವಿದ್ಯುತ್ ಹೋದರೂ ಕಿಟಕಿಯ ಬಳಿ ಓದಬಹುದು.

ಆನ್‌ಲೈನ್ ಪದವಿಯ ಸ್ವರೂಪ ಬೇರೆ. ವಿಡಿಯೊ ಪಾಠ, ಓದುವ ಸಾಮಗ್ರಿ, ಚರ್ಚಾ ವೇದಿಕೆ, ಸ್ವಯಂ ಮೌಲ್ಯಮಾಪನ ಎಂಬ ನಾಲ್ಕು ಭಾಗಗಳು ಇದರಲ್ಲಿವೆ. ರೆಕಾರ್ಡ್ ಮಾಡಿದ ವಿಡಿಯೊವನ್ನಾದರೂ ನಿಲ್ಲಿಸಿ ಮುಂದುವರಿಸಬಹುದು. ನೇರ ತರಗತಿ ಕಾಯುವುದಿಲ್ಲ. ನೌಕರಿ ಮಾಡುವವರಿಗೆ ಅನುಕೂಲವಾಗಲೆಂದು ಅದನ್ನು ಸಂಜೆ ಏಳರ ಮೇಲೆ ಇಟ್ಟರೆ, ರೊಟ್ಟಿ ತಟ್ಟುವ ಹೊತ್ತು, ಮಕ್ಕಳ ಹೋಂವರ್ಕ್ ಹೊತ್ತು, ಅತ್ತೆ ಮಾವನ ಮಾತ್ರೆಯ ಹೊತ್ತು ಎಲ್ಲವೂ ಅದರ ಮೇಲೆಯೇ ಬೀಳುತ್ತವೆ. ನೌಕರಿಯವರ ಬಿಡುವಿನ ಹೊತ್ತೇ ಗೃಹಿಣಿಗೆ ಬಿರುಸಿನ ದುಡಿಮೆಯ ಹೊತ್ತು. ಒಂದೇ ವೇಳಾಪಟ್ಟಿ ಇಬ್ಬರಿಗೂ ಹೊಂದುವುದಿಲ್ಲ.

ಮೊಬೈಲ್‌ನ ಪ್ರಶ್ನೆಯೂ ಇದೆ. ದೇಶದ ಶೇ 85.5 ಮನೆಗಳಲ್ಲಿ ಕನಿಷ್ಠ ಒಂದು ಸ್ಮಾರ್ಟ್‌ಫೋನ್ ಇದೆ ಎಂದು 2025ರ ಸರ್ಕಾರಿ ಸಮೀಕ್ಷೆ ಹೇಳುತ್ತದೆ. ಅದು ಮನೆಯ ಲೆಕ್ಕ. ಮನೆಯಲ್ಲಿರುವ ಒಂದೇ ಒಳ್ಳೆಯ ಫೋನು ಗಂಡನ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವಂತಿದ್ದರೆ, ಬಂದ ಮೇಲೆ ಮಗನ ಕೈ ಸೇರುವಂತಿದ್ದರೆ, ಆ ಮನೆಯ ವಿದ್ಯಾರ್ಥಿನಿಗೆ ವಿಡಿಯೊ ಪಾಠ ಸಿಗುವುದು ಹತ್ತು ಗಂಟೆಯ ನಂತರ. ಅಚ್ಚಿನ ಪುಸ್ತಕ ಹೆಚ್ಚಾಗಿ ಒಬ್ಬರದ್ದೇ, ಫೋನು ಹಾಗಲ್ಲ. ಅಂಚೆಯ ಪಾಠವನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವ ಮೊದಲು ಇದನ್ನು ಯೋಚಿಸಬೇಕು. ಮುದ್ರಿತ ಸಾಮಗ್ರಿ ನಿಲ್ಲಿಸಿ ಪಿಡಿಎಫ್ ಕೊಟ್ಟರೆ ವಿಶ್ವವಿದ್ಯಾಲಯಕ್ಕೆ ಉಳಿತಾಯವಾಗುತ್ತದೆ, ಆದರೆ ಆ ಖರ್ಚು ಕಲಿಯುವವರ ಮನೆಯ ಮೇಲೆ ಬೀಳುತ್ತದೆ.

ಒಂದು ಅಡ್ಡಿ ಇನ್ನೊಂದನ್ನು ಎಳೆದು ತರುವುದೂ ಹೀಗೆಯೇ. ಇಗ್ನೊದಲ್ಲಿ ಸಾಮಾನ್ಯವಾಗಿ ಅಸೈನ್‌ಮೆಂಟ್‌ಗೆ ಶೇ 30, ಅಂತಿಮ ಪರೀಕ್ಷೆಗೆ ಶೇ 70 ತೂಕವಿದೆ. ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ. ಕರ್ನಾಟಕದಲ್ಲಿ ಜೂನ್ ಎಂದರೆ ಶಾಲೆ ಶುರುವಾಗುವ ತಿಂಗಳು. ಸಮವಸ್ತ್ರ, ಪುಸ್ತಕಕ್ಕೆ ರಟ್ಟು ಹಾಕುವುದು, ಬಸ್ ಪಾಸ್, ಮೊದಲ ಮಳೆಗೆ ಮಕ್ಕಳಿಗೆ ಬರುವ ಶೀತ ಜ್ವರ. ಆ ವಾರಗಳಲ್ಲಿ ಅಸೈನ್‌ಮೆಂಟ್ ತಡವಾದರೆ ಪರೀಕ್ಷೆ ಮುಂದಕ್ಕೆ, ಪರೀಕ್ಷೆ ಹೋದರೆ ಆರು ತಿಂಗಳು ಹಿಂದಕ್ಕೆ. ಎರಡು ಬಾರಿ ಹೀಗಾದರೆ ‘ನಿನ್ನಿಂದ ಆಗದ ಕೆಲಸ’ ಎಂಬ ಮಾತು ಮನೆಯಲ್ಲಿ ಕೇಳಿಬರುತ್ತದೆ. ಓದು ನಿಲ್ಲುವುದು ಸಾಮಾನ್ಯವಾಗಿ ಪಾಠ ಅರ್ಥವಾಗದೆ ಅಲ್ಲ, ಈ ಸರಪಳಿಯಿಂದ.

ಯಾರು ಏನು ಹೇಳುತ್ತಾರೆ?

ನಿಯಂತ್ರಕರ ವಾದದಲ್ಲಿ ತಿರುಳಿದೆ. ಸಂಕಟದಲ್ಲಿರುವ ಮನುಷ್ಯನ ಎದುರು ಕುಳಿತು ಮಾತನಾಡುವುದನ್ನು ಪುಸ್ತಕದಿಂದ ಕಲಿಯಲು ಆಗುವುದಿಲ್ಲ. ಅರೆಬೆಂದ ಸಲಹೆಯಿಂದ ಜೀವಕ್ಕೆ ಅಪಾಯವಾಗಬಹುದು. ಸಕ್ಕರೆ ಕಾಯಿಲೆಯವರಿಗೆ, ಮೂತ್ರಪಿಂಡದ ರೋಗಿಗೆ ಪಥ್ಯ ಹೇಳುವವರಿಗೂ ಇದು ಅನ್ವಯಿಸುತ್ತದೆ.

ಕಲಿಯುವವರ ಉತ್ತರವೂ ಗಟ್ಟಿಯಾಗಿದೆ. ಎಂಎ ಮನೋವಿಜ್ಞಾನ ಮುಗಿಸಿದ ಮಾತ್ರಕ್ಕೆ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಮಂಡಳಿ ಮಾನ್ಯ ಮಾಡಿದ ಬೇರೆ ತರಬೇತಿ, ನೋಂದಣಿ ಬೇಕು. ಶಾಲಾ ಶಿಕ್ಷಕಿ, ಅಂಗನವಾಡಿ ಕಾರ್ಯಕರ್ತೆ, ವಿಶೇಷ ಮಗುವಿನ ತಾಯಿ ಮನೋವಿಜ್ಞಾನ ಓದುವುದು ಮನುಷ್ಯರನ್ನು ಅರ್ಥ ಮಾಡಿಕೊಳ್ಳಲು. ಚಿಕಿತ್ಸೆಯ ತರಬೇತಿಗೂ ವಿಷಯದ ಓದಿಗೂ ಇರುವ ಗೆರೆಯನ್ನು ಸೂಚನೆ ಅಳಿಸಿಬಿಟ್ಟಿದೆ. ಅದೂ ಪ್ರವೇಶ ನಡೆಯುವ ಜುಲೈ ತಿಂಗಳ ಕೊನೆಯಲ್ಲಿ ತೀರ್ಮಾನಿಸಿ, ಅದೇ ಸಾಲಿನಿಂದ ಜಾರಿ ಮಾಡಿದ್ದು ಸರಿಯಲ್ಲ ಎಂದೇ ಹೇಳಬೇಕು. ಒಂದು ವರ್ಷ ಮೊದಲೇ ಹೇಳಿದ್ದರೆ ಕುಟುಂಬಗಳು ದಾರಿ ಹುಡುಕಿಕೊಳ್ಳುತ್ತಿದ್ದವು.

ಮೂರನೆಯ ವಾದ ಇವೆರಡಕ್ಕಿಂತ ಆಳದ್ದು. ದೂರಶಿಕ್ಷಣ ಮಹಿಳೆಯರನ್ನು ಮನೆಯಲ್ಲೇ ಉಳಿಸುವ ಸುಲಭ ಉಪಾಯವಾಗಿಬಿಟ್ಟಿದೆ ಎಂಬುದು ಅದು. ‘ಓದಲಿ, ಬೇಡ ಎಂದವರಾರು, ಮನೆಗೆಲಸಕ್ಕೆ ತೊಂದರೆ ಆಗಬಾರದು ಅಷ್ಟೇ’ ಎಂಬ ಮಾತನ್ನು ಕೇಳದ ಸೊಸೆಯಂದಿರು ಕಡಿಮೆ. ಕಾಲೇಜಿಗೆ ಹೋಗುವುದಾದರೆ ಅಡುಗೆಯನ್ನು ಬೇರೆ ಯಾರೋ ಮಾಡಬೇಕು, ಮಗುವನ್ನು ಬೇರೆ ಯಾರೋ ಎತ್ತಿಕೊಳ್ಳಬೇಕು. ಮನೆಯಲ್ಲೇ ಓದುವುದಾದರೆ ಯಾರೂ ಏನನ್ನೂ ಬದಲಿಸಬೇಕಿಲ್ಲ. ಒಪ್ಪಿಗೆ ಸುಲಭವಾಗಿ ಸಿಗುವುದು ಈ ಕಾರಣಕ್ಕೇ, ಓದು ಅರ್ಧದಲ್ಲಿ ನಿಲ್ಲುವುದೂ ಇದೇ ಕಾರಣಕ್ಕೆ. ಈ ವಾದವನ್ನು ಒಪ್ಪಿಯೂ ಒಂದು ಮಾತು ಸೇರಿಸಬೇಕು: ದೂರಶಿಕ್ಷಣದ ಬಾಗಿಲು ಮುಚ್ಚಿದರೆ ಅಂಥ ಮನೆಯ ಹೆಣ್ಣುಮಗಳು ಕಾಲೇಜಿಗೆ ಹೋಗುವುದಿಲ್ಲ, ಓದುವುದನ್ನೇ ಬಿಡುತ್ತಾಳೆ.

ಮುಂದೇನಾಗಬಹುದು?

ಮನೋವಿಜ್ಞಾನ ಬಯಸಿದವರಲ್ಲಿ ಕೆಲವರು ಸಮಾಜಶಾಸ್ತ್ರ, ಶಿಕ್ಷಣಶಾಸ್ತ್ರದ ಕಡೆ ಹೊರಳುತ್ತಾರೆ. ಅದು ಅಷ್ಟೇನೂ ದೊಡ್ಡ ಅನಾಹುತವಲ್ಲ. ಹೆಚ್ಚು ಚಿಂತೆ ಹುಟ್ಟಿಸುವುದು ಬೇರೆ. ಆರು ವಾರದಲ್ಲಿ ‘ಕೌನ್ಸೆಲಿಂಗ್’ ಪ್ರಮಾಣಪತ್ರ, ಮೂರು ತಿಂಗಳಲ್ಲಿ ‘ನ್ಯೂಟ್ರಿಷನ್ ಕೋಚ್’ ಎಂದು ಜಾಹೀರಾತು ಕೊಡುವವರು ಯುಜಿಸಿಯ ಅನುಮತಿಗೆ ಕಾಯುವವರಲ್ಲ. ಪಠ್ಯಕ್ರಮ, ಪರೀಕ್ಷೆ, ಹೊಣೆ ಇದ್ದ ಪದವಿ ಇಲ್ಲವಾದ ಕಡೆ ಇವರಿಗೆ ಗಿರಾಕಿಗಳು ಸಿಗುತ್ತಾರೆ. ಅರೆಬೆಂದ ಸಲಹೆಗಾರರನ್ನು ತಡೆಯಲು ಹೊರಟ ಕ್ರಮ ಅಂಥವರ ಸಂಖ್ಯೆಯನ್ನೇ ಹೆಚ್ಚಿಸುವ ಅಪಾಯ ಇಲ್ಲಿದೆ.

ಇನ್ನೊಂದೆಡೆ ಮಾನಸಿಕ ಆರೋಗ್ಯಕ್ಕೆ ಜನ ಬೇಕಾಗಿದ್ದಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವ್ಯವಸ್ಥೆ ರಾಜ್ಯದಲ್ಲಿದೆ. ಪಾಠ ಮನೆಯಲ್ಲಿ, ಪ್ರಾಯೋಗಿಕ ತರಬೇತಿ ಜಿಲ್ಲಾ ಆಸ್ಪತ್ರೆಯಲ್ಲಿ ಕಡ್ಡಾಯವಾಗಿ ಇಷ್ಟು ವಾರ ಎಂದು ನಿಯಮ ಮಾಡಿದ್ದರೆ ಗುಣಮಟ್ಟವೂ ಉಳಿಯುತ್ತಿತ್ತು, ಬಾಗಿಲೂ ತೆರೆದಿರುತ್ತಿತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಗಿರುವುದರಿಂದ ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಹೋಗಿಬರುವ ಖರ್ಚಿನ ಅಡ್ಡಿಯೂ ಕರ್ನಾಟಕದ ವಿದ್ಯಾರ್ಥಿನಿಯರಿಗೆ ತಗ್ಗಿದೆ.

ಹೊತ್ತಿನ ವಿಷಯದಲ್ಲಿ ಈಗಿರುವ ನಿಯಮದಲ್ಲೇ ಒಂದು ದಾರಿಯಿದೆ, ಅದನ್ನು ಬಳಸುವವರು ಕಡಿಮೆ. ಎರಡು ವರ್ಷದ ಇಗ್ನೊ ಸ್ನಾತಕೋತ್ತರ ಪದವಿಯನ್ನು ನಾಲ್ಕು ವರ್ಷದವರೆಗೆ, ಮೂರು ವರ್ಷದ ಪದವಿಯನ್ನು ಆರು ವರ್ಷದವರೆಗೆ ಮುಗಿಸಲು ಅವಕಾಶವಿದೆ. ನಾಲ್ಕು ವರ್ಷಕ್ಕೆ ಹರಡಿದರೆ ವಾರಕ್ಕೆ 23 ಗಂಟೆ ಇದ್ದದ್ದು ಹನ್ನೊಂದೂವರೆಗೆ ಇಳಿಯುತ್ತದೆ, ದಿನಕ್ಕೆ ಒಂದು ಗಂಟೆ ನಲವತ್ತು ನಿಮಿಷದಷ್ಟು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಇದು ಸಾಧ್ಯವಾಗುವ ಲೆಕ್ಕ. ಆರಂಭದಲ್ಲೇ ನಾಲ್ಕು ವರ್ಷ ಎಂದು ಯೋಜಿಸಿಕೊಂಡು ಸೇರುವುದಕ್ಕೂ, ಎರಡು ವರ್ಷದಲ್ಲಿ ಮುಗಿಸಲಾಗದೆ ಸೋತೆನೆಂದು ಎಳೆದಾಡುವುದಕ್ಕೂ ಅಜಗಜಾಂತರ. ಕೈಪಿಡಿಯಲ್ಲಿ ಗರಿಷ್ಠ ಅವಧಿ ಎಂದು ಒಂದು ಸಾಲಿನಲ್ಲಿ ಹೇಳುವ ಬದಲು ನಾಲ್ಕು ವರ್ಷದ ವೇಳಾಪಟ್ಟಿಯೊಂದನ್ನು ವಿಶ್ವವಿದ್ಯಾಲಯಗಳೇ ಸಿದ್ಧಪಡಿಸಿ ಕೊಡಬಹುದು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ.

ಓದುವ ಜಾಗವೂ ಮನೆಯೇ ಆಗಬೇಕೆಂದಿಲ್ಲ. ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಮಧ್ಯಾಹ್ನ ಎರಡು ಗಂಟೆ ಅಲ್ಲೊಂದು ಮೇಜು ದೂರಶಿಕ್ಷಣದ ವಿದ್ಯಾರ್ಥಿನಿಯರಿಗೆ ಮೀಸಲಾದರೆ, ಮನೆಯಿಂದ ಹೊರಬಿದ್ದು ಓದುವುದಕ್ಕೆ ಊರು ಒಪ್ಪುವ ಒಂದು ನೆಪ ಸಿಗುತ್ತದೆ.

ಪರೀಕ್ಷೆಯ ಮೂರು ಗಂಟೆ

ಕೊನೆಗೂ ಪರೀಕ್ಷೆಯ ದಿನ ಬರುತ್ತದೆ. ಅಂದು ಕೇಂದ್ರಕ್ಕೆ ಹೋಗಲೇಬೇಕು. ಎದೆಹಾಲು ಕುಡಿಯುವ ಮಗುವಿರುವ ವಿದ್ಯಾರ್ಥಿನಿಗೆ ಮೂರು ಗಂಟೆಯ ಪ್ರಶ್ನೆಪತ್ರಿಕೆ ಎಂದರೆ ಪ್ರಯಾಣವೂ ಸೇರಿ ಐದಾರು ಗಂಟೆ. ಜೊತೆಗೆ ಬಂದ ತಾಯಿಯೋ ತಂಗಿಯೋ ಕಾಲೇಜಿನ ಗೇಟಿನ ಹೊರಗೆ, ನೆರಳು ಸಿಕ್ಕಲ್ಲಿ, ಮಗುವನ್ನು ಭುಜಕ್ಕೆ ಹಾಕಿಕೊಂಡು ಅತ್ತಿತ್ತ ನಡೆಯುತ್ತಿರುತ್ತಾರೆ. ಜೊತೆಗೆ ಬರಲು ಯಾರೂ ಇಲ್ಲದವರು ಆ ಬಾರಿ ಪರೀಕ್ಷೆ ಬಿಡುತ್ತಾರೆ.

ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಘೋಷಿಸಿತು. ತಾಯಿ ದುಡಿಯುವಾಗ ಮಗುವನ್ನು ನೋಡಿಕೊಳ್ಳುವುದು ಸರ್ಕಾರದ ಹೊಣೆಯೂ ಹೌದು ಎಂದು ಆ ಯೋಜನೆ ಒಪ್ಪಿಕೊಂಡಿದೆ. ವರ್ಷಕ್ಕೆ ಎರಡು ಬಾರಿ, ಕೆಲವು ವಾರಗಳ ಮಟ್ಟಿಗೆ, ಪರೀಕ್ಷಾ ಕೇಂದ್ರವಿರುವ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಚಾಪೆ, ಕುಡಿಯುವ ನೀರು, ನೋಡಿಕೊಳ್ಳಲು ಒಬ್ಬ ಆಯಾ. ಮುಂದಿನ ಜೂನ್ ಪರೀಕ್ಷೆಗೆ ಮೊದಲು ಇಷ್ಟನ್ನು ಮಾಡಲು ಯಾವ ಆಯೋಗದ ಅನುಮತಿಯೂ ಬೇಕಾಗಿಲ್ಲ.